ಹಳದಿ-ಕೆಂಪು ಬಾವುಟಕ್ಕೆ ಯಾರ ಅಪ್ಪಣೆ?

ನವೆಂಬರ್ 1ರಂದು ಕರ್ನಾಟಕದ ಯಾವ ಊರಿಗೆ ಹೋದರೂ ಹಳದಿ-ಕೆಂಪು ಬಾವುಟ ಕಣ್ಣಿಗೆ ಬೀಳುತ್ತದೆ. ಆಟೋರಿಕ್ಷಾಗಳ ಮುಂದೆ, ಸಂಘಗಳ ಕಚೇರಿಯ ಮೇಲೆ, ರಾಜ್ಯೋತ್ಸವದ ಚಪ್ಪರದ ಕಂಬಗಳಲ್ಲಿ ಅದು ಹಾರುತ್ತದೆ. ಅದೇ ರಾಜ್ಯದ ಅಧಿಕೃತ ಧ್ವಜವೆಂದು ತಿಳಿದವರು ಕಡಿಮೆಯಿಲ್ಲ. ಆದರೆ ಯಾವ ಕಾನೂನೂ ಅದನ್ನು ಹಾಗೆಂದು ಘೋಷಿಸಿಲ್ಲ. ಕಾನೂನಿನ ಪೂರ್ಣ ಮನ್ನಣೆ ಪಡೆದು ಹಾರುತ್ತಿದ್ದ ಇನ್ನೊಂದು ರಾಜ್ಯಧ್ವಜವಾದರೋ 2019ರಲ್ಲಿ ಕೆಳಗಿಳಿಯಿತು. ಬಾವುಟಕ್ಕೆ ಬಲ ಬರುವುದು ಎಲ್ಲಿಂದ ಎಂಬ ಪ್ರಶ್ನೆಯನ್ನು ಈ ಎರಡೂ ನಮ್ಮ ಮುಂದಿಡುತ್ತವೆ.

ಧ್ವಜದ ಬಗ್ಗೆ ನಮ್ಮ ಹಿಂದಿನವರು ಬಹಳ ಖಚಿತವಾಗಿದ್ದರು. ಶಾಸನಗಳಲ್ಲಿ ಲಾಂಛನ ಬೇರೆ, ಧ್ವಜ ಬೇರೆ. ಮೊದಲನೆಯದು ತಾಮ್ರಪಟದ ಮುದ್ರೆಗೂ ನಾಣ್ಯಕ್ಕೂ ಸೇರಿದ್ದು. ಎರಡನೆಯದು ರಣರಂಗಕ್ಕೂ ಮೆರವಣಿಗೆಗೂ ಸೇರಿದ್ದು. ಕದಂಬ ಮನೆತನಗಳು ಸಿಂಹವನ್ನು ಲಾಂಛನವಾಗಿ, ವಾನರವನ್ನು ಧ್ವಜದಲ್ಲಿ ಇರಿಸಿಕೊಂಡಿದ್ದವು. ಚಾಲುಕ್ಯರ ವರಾಹ ಚಿನ್ನದ ನಾಣ್ಯಕ್ಕೆ ಹೆಸರಾಗಿ ಉಳಿಯಿತು. ಬಾದಾಮಿಯ ಚಾಲುಕ್ಯರು ಉತ್ತರಾಪಥದ ಒಡೆಯನಿಂದ ಪಾಳಿಧ್ವಜವನ್ನು ಗೆದ್ದುಕೊಂಡ ಸಂಗತಿಯನ್ನು ಶಾಸನಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡರು. ಧ್ವಜವನ್ನು ಕಳೆದುಕೊಳ್ಳುವುದೆಂದರೆ ಮಾನವನ್ನೇ ಕಳೆದುಕೊಂಡಂತೆ. ಆದರೆ ಆ ಮಾನ ಅರಸನದು, ಪ್ರಜೆಗಳದಲ್ಲ. ಪ್ರಜೆಗಳೇ ಬಾವುಟ ಕಟ್ಟಿಕೊಂಡದ್ದು ಇಪ್ಪತ್ತನೆಯ ಶತಮಾನದ ಬೆಳವಣಿಗೆ.

ಜಮ್ಮು-ಕಾಶ್ಮೀರದ ಧ್ವಜ ಇದಕ್ಕೆ ಒಳ್ಳೆಯ ಉದಾಹರಣೆ. ಕೆಂಪು ಬಟ್ಟೆಯ ಮೇಲೆ ಬಿಳಿಯ ನೇಗಿಲು. ಕಂಬದ ಬದಿಯಲ್ಲಿ ಜಮ್ಮು, ಕಾಶ್ಮೀರ, ಲಡಾಖ್‌ಗಳನ್ನು ಸೂಚಿಸುವ ಮೂರು ಬಿಳಿ ಪಟ್ಟಿಗಳು. ನೇಗಿಲಿನ ಕೆಂಪು ಬಾವುಟ ಮೊದಲು ಮಹಾರಾಜರ ಆಳ್ವಿಕೆಯ ವಿರುದ್ಧ ಹೋರಾಡಿದ ನ್ಯಾಷನಲ್ ಕಾನ್ಫರೆನ್ಸ್ ಪಕ್ಷದ್ದಾಗಿತ್ತು. ಆ ನೇಗಿಲು ಬರಿಯ ಅಲಂಕಾರವಾಗಿರಲಿಲ್ಲ. 1950ರಲ್ಲಿ ಶೇಖ್ ಅಬ್ದುಲ್ಲಾ ಅವರ ಸರ್ಕಾರ ದೊಡ್ಡ ಹಿಡುವಳಿಗಳನ್ನು ರದ್ದುಪಡಿಸುವ ಕಾನೂನು ತಂದು, 182 ಕನಾಲ್, ಅಂದರೆ ಸುಮಾರು 23 ಎಕರೆ ಮೀರಿದ ಭೂಮಿಯನ್ನು ಉಳುವವರಿಗೆ ವಹಿಸಿತು. 1952ರ ಜೂನ್ 7ರಂದು ರಾಜ್ಯದ ಸಂವಿಧಾನ ಸಭೆ ಈ ಧ್ವಜವನ್ನು ಅಂಗೀಕರಿಸಿತು. ಅದೇ ವರ್ಷದ ದೆಹಲಿ ಒಪ್ಪಂದದಲ್ಲಿ, ಇದು ರಾಷ್ಟ್ರಧ್ವಜಕ್ಕೆ ಪ್ರತಿಸ್ಪರ್ಧಿಯಲ್ಲ ಎಂಬ ಸ್ಪಷ್ಟನೆಯೊಂದಿಗೆ ಕೇಂದ್ರವೂ ಒಪ್ಪಿತು. ಆದರೂ ಎಲ್ಲರೂ ಒಪ್ಪಲಿಲ್ಲ. ಒಂದು ದೇಶದಲ್ಲಿ ಎರಡು ಧ್ವಜ ಕೂಡದೆಂದು ಜಮ್ಮುವಿನಲ್ಲಿ ಪ್ರಜಾ ಪರಿಷತ್ತು ಚಳವಳಿ ಹೂಡಿತು. ಈ ವಾದ ಅರವತ್ತು ವರ್ಷಗಳಿಗೂ ಮೀರಿ ಜೀವಂತವಾಗಿತ್ತು. 2019ರ ಆಗಸ್ಟ್‌ನಲ್ಲಿ 370ನೇ ವಿಧಿಯ ವಿಶೇಷ ಸ್ಥಾನ ಹೋದಾಗ, ಶ್ರೀನಗರದ ಸಚಿವಾಲಯದ ಮೇಲಿಂದ ನೇಗಿಲಿನ ಬಾವುಟವೂ ಇಳಿಯಿತು. ಅಧಿಕೃತ ಸ್ಥಾನವನ್ನು ಕೊಟ್ಟದ್ದು ಕಾನೂನು. ಕಾನೂನು ಬದಲಾದಾಗ ಆ ಸ್ಥಾನವೂ ಉಳಿಯಲಿಲ್ಲ.

ಕರ್ನಾಟಕದ್ದು ಬೇರೆಯೇ ದಾರಿ. 1956ರಲ್ಲಿ ಏಕೀಕರಣವಾಯಿತಾದರೂ ರಾಜಧಾನಿ ಬೆಂಗಳೂರಿನಲ್ಲೇ ಕನ್ನಡಕ್ಕೆ ಸ್ಥಾನವಿಲ್ಲವೆಂಬ ಕೊರಗು ಉಳಿದಿತ್ತು. ಅರವತ್ತರ ದಶಕದ ಕನ್ನಡ ಚಳವಳಿ ಹುಟ್ಟಿದ್ದು ಈ ಕೊರಗಿನಿಂದ. ಅದರ ಮುಂದಾಳುಗಳಲ್ಲಿ ಒಬ್ಬರಾದ ಪತ್ರಕರ್ತ ಮ. ರಾಮಮೂರ್ತಿ ಅವರು ತಾವು ಕಟ್ಟಿದ ಕನ್ನಡ ಪಕ್ಷಕ್ಕಾಗಿ ಮೇಲೆ ಹಳದಿ, ಕೆಳಗೆ ಕೆಂಪು ಬಣ್ಣದ ಬಾವುಟವನ್ನು ರೂಪಿಸಿದರು. ಅರಿಶಿನ-ಕುಂಕುಮಕ್ಕೆ ವಿವರಣೆ ಬೇಕಿರಲಿಲ್ಲ. ಅದು ಪ್ರತಿ ಮನೆಯ ದೇವರ ಗೂಡಿನಲ್ಲೇ ಇತ್ತು. ಪಕ್ಷ ಚುನಾವಣೆಯಲ್ಲಿ ಬೇರೂರಲಿಲ್ಲ. ರಾಮಮೂರ್ತಿಯವರು 1967ರಲ್ಲಿ ತೀರಿಕೊಂಡರು. ಬಾವುಟ ಮಾತ್ರ ಪಕ್ಷವನ್ನು ಮೀರಿ ನಾಡಿನದಾಯಿತು.

ಈ ಪ್ರೀತಿಗೆ ಸರ್ಕಾರದ ಮುದ್ರೆ ಹಾಕಿಸುವ ಯತ್ನಗಳು ನಡೆಯದೆ ಇಲ್ಲ. ರಾಜ್ಯೋತ್ಸವದಂದು ಸರ್ಕಾರಿ ಕಟ್ಟಡಗಳ ಮೇಲೆ ಬಾವುಟ ಹಾರಿಸಬೇಕೆಂದು ಹೊರಟ ಆದೇಶ 2012ರಲ್ಲಿ ಹೈಕೋರ್ಟಿನ ಮೆಟ್ಟಿಲೇರಿ, ಸರ್ಕಾರ ಹಿಂದೆ ಸರಿಯಿತು. 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ 9 ಜನರ ಸಮಿತಿ ನೇಮಿಸಿತು. 2018ರ ಮಾರ್ಚ್ 8ರಂದು, ವಿಧಾನಸಭಾ ಚುನಾವಣೆಗೆ ಎರಡು ತಿಂಗಳಿರುವಾಗ, ಹೊಸ ನಾಡಧ್ವಜ ಹೊರಬಂತು. ಹಳದಿ, ಬಿಳಿ, ಕೆಂಪು. ನಡುವೆ ರಾಜ್ಯಲಾಂಛನದ ಗಂಡಭೇರುಂಡ. ಹಳದಿ ಕ್ಷಮೆಗೆ, ಬಿಳಿ ಶಾಂತಿಗೆ, ಕೆಂಪು ಶೌರ್ಯಕ್ಕೆ ಎಂದು ಅರ್ಥ ಹೇಳಲಾಯಿತು. ಗಂಡಭೇರುಂಡಕ್ಕೆ ದೀರ್ಘ ಇತಿಹಾಸವುಂಟು. ಬಳ್ಳಿಗಾವೆಯ ಭೇರುಂಡ ಸ್ತಂಭ 1047ರದು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲೂ ಅದಿದೆ. ಮೈಸೂರು ಒಡೆಯರ ಮೂಲಕ ಅದು ರಾಜ್ಯಲಾಂಛನಕ್ಕೆ ಬಂತು. ಆದರೂ ಬಿಳಿ ಪಟ್ಟಿ ಯಾಕೆಂದು ಕೆಲವು ಕನ್ನಡ ಸಂಘಟನೆಗಳೇ ಪ್ರತಿಭಟಿಸಿದವು. ಲಾಂಛನವೂ ಧ್ವಜವೂ ಒಂದೇ ಬಟ್ಟೆಯಲ್ಲಿ ಸೇರಿದಾಗ ಅದು ನಮ್ಮದೆನ್ನಿಸುವ ಬದಲು ಸರ್ಕಾರದ್ದೆನ್ನಿಸಿತೋ ಏನೋ. ಒಪ್ಪಿಗೆಗಾಗಿ ದೆಹಲಿಗೆ ಹೋದ ಆ ವಿನ್ಯಾಸಕ್ಕೆ ಅಧಿಕೃತ ಮುದ್ರೆ ಬೀಳಲಿಲ್ಲ.

ರಾಜ್ಯಕ್ಕೆ ಪ್ರತ್ಯೇಕ ಧ್ವಜ ಇರಬಹುದೇ ಎಂಬ ಬಗ್ಗೆ ಸಂವಿಧಾನ ಏನನ್ನೂ ಹೇಳುವುದಿಲ್ಲ. ಇರಲಿ ಎಂದೂ ಇಲ್ಲ, ಕೂಡದು ಎಂದೂ ಇಲ್ಲ. ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಬೇರೆ ಬಾವುಟ ಹಾರಬಾರದೆಂದು ಧ್ವಜಸಂಹಿತೆ ವಿಧಿಸುತ್ತದೆ. ರಾಜ್ಯಧ್ವಜವೆಂದರೆ ಒಡಕಿನ ಬೀಜ ಎನ್ನುವವರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಕನ್ನಡದ ಬಾವುಟ ಹಿಡಿದವರು ಕೇಳಿದ್ದು ತಮ್ಮ ನುಡಿಗೆ ತಮ್ಮ ನೆಲದಲ್ಲಿ ಮನ್ನಣೆಯನ್ನು; ದೇಶದಿಂದ ದೂರವಾಗುವುದನ್ನಲ್ಲ. ಒಂದೇ ಊರಿನಲ್ಲಿ ಆಗಸ್ಟ್ 15ಕ್ಕೆ ತ್ರಿವರ್ಣವೂ ನವೆಂಬರ್ 1ಕ್ಕೆ ಅರಿಶಿನ-ಕುಂಕುಮವೂ ಹಾರುತ್ತವೆ. ಕಟ್ಟುವ ಕೈಗಳೂ ಬಹುಮಟ್ಟಿಗೆ ಅವೇ.

ಆಜ್ಞೆಯಿಂದ ಏರಿದ ಬಾವುಟವನ್ನು ಇನ್ನೊಂದು ಆಜ್ಞೆ ಇಳಿಸಬಹುದು. ಯಾರ ಆಜ್ಞೆಯೂ ಇಲ್ಲದೆ ಏರಿದ್ದಕ್ಕೆ ಆ ಭಯವಿಲ್ಲ. ಆದರೆ ಕಟ್ಟುವ ಕೈಗಳಿಗೆ ಕನ್ನಡ ಬೇಡವಾದ ದಿನ ಅದು ತಾನಾಗಿ ಇಳಿಯುತ್ತದೆ. ಅದನ್ನು ಯಾವ ಸಮಿತಿಯೂ ತಡೆಯಲಾರದು.