ಕನ್ನಡಿಯೊಳಗಿನ ಗಂಟು, ಖಾನಾವಳಿಯ ರೊಟ್ಟಿ

ಹಿಮಾಲಯ ದಾಟಿ ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗಿಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು ಇಂದು ಮೊಬೈಲಿನಲ್ಲೇ ನೋಡಬಹುದು. ಹಾಗೆ ನೋಡಿದವರು ಗದಗಿನಲ್ಲಿ ಲಾಡ್ಜ್ ಹಿಡಿದು, ಲಕ್ಷ್ಮೇಶ್ವರದ ಖಾನಾವಳಿಯಲ್ಲಿ ರೊಟ್ಟಿ ಉಣ್ಣಲು ಬರುತ್ತಾರೆಯೇ? ತೆರೆಯ ಮೇಲೆ ಹುಟ್ಟಿದ ಆಸೆ ಗಿರಾಕಿಯನ್ನು ಹೋಟೆಲಿನ ಬಾಗಿಲಿಗೆ ತರುತ್ತದೆಯೇ ಎಂಬ ಈ ಪ್ರಶ್ನೆಗೆ ಸುಮಾರು ಎರಡು ದಶಕಗಳ ಚರಿತ್ರೆಯಿದೆ. ಅದನ್ನು ಹಿಂತಿರುಗಿ ನೋಡಿದರೆ ತಿಳಿಯುವುದಿಷ್ಟು: ಬೆರಗು ಆಸೆ ಹುಟ್ಟಿಸುತ್ತದೆ, ಹೊರಡಿಸುವುದು ಅನುಮಾನ ಕಳೆಯುವ ಮಾಹಿತಿ.

2003ರಲ್ಲಿ ‘ಸೆಕೆಂಡ್ ಲೈಫ್’ ಎಂಬ ಅಂತರ್ಜಾಲದ ಮಾಯಾಲೋಕ ಆರಂಭವಾಯಿತು. 2006ರಲ್ಲಿ ಸ್ಟಾರ್‌ವುಡ್ ಕಂಪನಿ ತಾನಿನ್ನೂ ಕಟ್ಟಿರದ ‘ಅಲಾಫ್ಟ್’ ಹೋಟೆಲನ್ನು ಅದರೊಳಗೆ ತೆರೆದು, ಓಡಾಡಿ ನೋಡಿದವರ ಅಭಿಪ್ರಾಯ ಕೇಳಿತು. ಇಟ್ಟಿಗೆ ಗಾರೆಯ ಹೋಟೆಲ್ ಬಂದದ್ದು 2008ರಲ್ಲಿ. ಅಂದರೆ ಮೊದಲಿಗೆ ಇದು ಗಿರಾಕಿಯನ್ನು ಸೆಳೆಯುವುದರ ಜೊತೆಗೆ ಅವನ ಮಾತು ಕೇಳುವ ಉಪಾಯವೂ ಆಗಿತ್ತು. 2014ರ ಹೊತ್ತಿಗೆ ದಿಕ್ಕು ಬದಲಾಯಿತು. ಮ್ಯಾರಿಯಟ್ ಹೋಟೆಲ್ ಕಂಪನಿ ಫೋನ್ ಬೂತಿನಂಥ ಪೆಟ್ಟಿಗೆ ನಿಲ್ಲಿಸಿತು. ಒಳಹೊಕ್ಕು ವರ್ಚುವಲ್ ರಿಯಾಲಿಟಿ (ವಿಆರ್) ಕನ್ನಡಕ ತೊಟ್ಟವರಿಗೆ ಹವಾಯಿಯ ಕಡಲತೀರ ಕಾಣುತ್ತಿತ್ತು, ಮೈಗೆ ಬಿಸಿ ತಾಗುತ್ತಿತ್ತು, ಮುಖಕ್ಕೆ ತುಂತುರು ಸಿಡಿಯುತ್ತಿತ್ತು. ಕೋಣೆಗಿಂತ ಊರನ್ನೇ ಮಾರುವ ಕಾಲ ಬಂದಿತ್ತು.

ಈ ಸೆಳೆತಕ್ಕೆ ಸಂಶೋಧಕರು ಕೊಟ್ಟ ಕಾರಣ ‘ಅಲ್ಲೇ ಇದ್ದೇನೆ’ ಎಂಬ ಭಾವ. ತುಸ್ಯಾದಿಯಾ ಮತ್ತು ಸಂಗಡಿಗರು ಹಾಂಕಾಂಗ್, ಬ್ರಿಟನ್ನುಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಭಾವ ಗಟ್ಟಿಯಾದಷ್ಟೂ ಊರಿನ ಮೇಲಿನ ಒಲವು, ಹೋಗಬೇಕೆಂಬ ಇಚ್ಛೆ ಹೆಚ್ಚಿದ್ದು ಕಂಡಿತು. ಇಚ್ಛೆಯೇ ಪ್ರಯಾಣವಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ರಜೆ, ದುಡ್ಡು, ಬಸ್ಸಿನ ವೇಳೆ ಎರಡರ ನಡುವೆ ನಿಂತಿರುತ್ತವೆ. ಮನೆಯಲ್ಲೇ ನೋಡಿದವರು ಮತ್ತೇಕೆ ಬಂದಾರು ಎಂಬುದು ಇನ್ನೊಂದು ಆಕ್ಷೇಪ. 2010ರಲ್ಲೇ ಸಂಶೋಧಕ ಗುಟೆನ್‌ಟ್ಯಾಗ್ ಇದನ್ನು ಚರ್ಚಿಸಿ, ನಾಜೂಕಾದ ತಾಣಗಳಿಗೆ ಇಂಥ ಬದಲಿ ನೋಟ ರಕ್ಷಣೆಯೂ ಆದೀತೆಂದಿದ್ದರು. ಆದರೆ ಹಂಪಿಯ ಮೂರು ಆಯಾಮದ ನೋಟವನ್ನು ತಿರುಗುವ ವೇದಿಕೆಯಿಂದ ತೋರಿಸುವ ‘ಪ್ಲೇಸ್-ಹಂಪಿ’ ನೆಲೆಯಾದದ್ದು ಹಂಪಿಗೆ ಹತ್ತಿರದ ತೋರಣಗಲ್ಲಿನ ಕಲಾಧಾಮದಲ್ಲಿ. ನಿಜವೂ ನೆರಳೂ ಅಕ್ಕಪಕ್ಕ ಬಾಳಬಲ್ಲವು. ಅಲ್ಲದೆ ಕಣ್ಣಿಗೆ ಬದಲಿ ಸಿಕ್ಕೀತು, ಹೊಟ್ಟೆಗೂ ನಿದ್ದೆಗೂ ಸಿಗದು. ಆತಿಥ್ಯದ ವ್ಯಾಪಾರ ನಿಂತಿರುವುದು ಅವುಗಳ ಮೇಲೆಯೇ.

ಬದಲಿ ನೋಟ ರಕ್ಷಣೆಯೂ ಆದೀತೆಂಬ ವಾದ ಮಾಗಡಿಗೆ ಇನ್ನಷ್ಟು ಹೊಂದುತ್ತದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಈ ಕೆರೆಯ ಹರವು ಸುಮಾರು 50 ಹೆಕ್ಟೇರ್. ಜನ ಮುಗಿಬಿದ್ದರೆ ಹಕ್ಕಿಗಳು ಬೆದರುತ್ತವೆ. ಹಾಗಾಗಿ ಹೆಬ್ಬಾತುಗಳ ಹತ್ತಿರದ ನೋಟವನ್ನು ತೆರೆಗೇ ಬಿಟ್ಟು, ಯಾವ ತಿಂಗಳು ಬರಬೇಕು, ಅವು ಹೊಲದಿಂದ ನೀರಿಗೆ ಮರಳುವುದು ಯಾವಾಗ, ದಂಡೆಯಲ್ಲಿ ಎಷ್ಟು ದೂರ ನಿಲ್ಲಬೇಕು, ರಾತ್ರಿ ಎಲ್ಲಿ ತಂಗಬೇಕು ಎಂಬುದನ್ನು ಅದೇ ತೆರೆ ಹೇಳಬೇಕು. ಇದಿಲ್ಲದ ನೋಟ ಎಷ್ಟೇ ಚೆಂದವಿದ್ದರೂ ಖಾನಾವಳಿಯವರ ಪಾಲಿಗೆ ಕನ್ನಡಿಯೊಳಗಿನ ಗಂಟು.