ಕಾವೇರಿಯ ಕಡವುಗಳಲ್ಲಿ ಹರಿಗೋಲು: ಸುರಕ್ಷೆಯ ಒಂದು ವಿವೇಚನೆ

ದೋಣಿಯ ಸುರಕ್ಷೆಯ ಇತಿಹಾಸವೆಂದರೆ ಕಡಲಿನ ಇತಿಹಾಸವೆಂಬ ಭಾವನೆ ರೂಢಿಯಲ್ಲಿದೆ. ಕಡಲಿಲ್ಲದ ಕೊಡಗಿನಲ್ಲಿ ಅದನ್ನು ಕಾವೇರಿಯ ಕಡವುಗಳಲ್ಲಿ ಅರಸಬೇಕು. ಭಾಗಮಂಡಲದಲ್ಲಿ ಕನ್ನಿಕೆಯನ್ನೂ ಕೂಡಿಗೆಯ ಬಳಿ ಹಾರಂಗಿಯನ್ನೂ ಕೂಡಿಕೊಳ್ಳುವ ಈ ನದಿ ಮುಂಗಾರಿನಲ್ಲಿ ಎರಡು ದಡಗಳನ್ನು ಬೇರ್ಪಡಿಸುತ್ತಿತ್ತು.

ಕಾವೇರಿ ತೀರದ ಹರಿಗೋಲು ಬಿದಿರ ಸೀಳುಗಳಿಂದ ಹೆಣೆದ ದುಂಡು ಬುಟ್ಟಿ. ಹೊರಮೈಗೆ ಹಿಂದೆ ತೊಗಲು, ಈಚೆಗೆ ಪ್ಲಾಸ್ಟಿಕ್ ಹಾಳೆ, ಡಾಂಬರು. ಹಾಯಿದೋಣಿಗೆ ತಳದ ಭಾರ ನೀಡುವ ಸ್ಥಿರತೆಯನ್ನು ಇಲ್ಲಿ ಅಗಲವಾದ ಚಪ್ಪಟೆ ತಳ ನೀಡುತ್ತದೆ. ಬಂಡೆಗೆ ತಾಗಿದರೆ ಬಿದಿರು ಬಾಗುತ್ತದೆ. ಆದರೆ ಈ ಗುಣದ ಲಾಭ ಒಳಗಿರುವವರಿಗಷ್ಟೆ. ನೀರಿಗೆ ಬಿದ್ದವನನ್ನು ಎಲ್ಲರೂ ಒಂದೇ ಬದಿಗೆ ಬಾಗಿ ಎಳೆದರೆ ಅಂಚು ಮುಳುಗಿ ಹರಿಗೋಲೇ ಮಗುಚೀತು. ಉಳಿದವರು ಎದುರು ಬದಿಗೆ ಸರಿಯಲೇಬೇಕು. ಹರಿಗೋಲೂ ಬಿದ್ದವನೂ ಒಂದೇ ಸೆಳವಿನಲ್ಲಿ ಸಾಗುವಾಗ ಅಂಬಿಗನು ಹುಟ್ಟಿನ ತುದಿ ಚಾಚಿದರೆ ಸಾಕಾಗಬಹುದು. ಬಂಡೆಗಳ ನಡುವೆ ಸೆಳವು ಕವಲೊಡೆದರೆ ಆ ಆಸರೆಯೂ ಇಲ್ಲ. ಹೊಳೆ ಉಕ್ಕಿದಂದು ದಾಟದಿರುವುದೇ, ಹಾಗಾಗಿ, ಮುಖ್ಯ ರಕ್ಷಣೆ.

1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಬಳಿಕ ಹಬ್ಬಿದ ರಸ್ತೆ, ಸೇತುವೆಗಳು ಕಡವುಗಳ ಮಹತ್ವವನ್ನು ಕುಗ್ಗಿಸಿದವು, ಪೂರ್ತಿ ಅಳಿಸಲಿಲ್ಲ. 2019ರ ಆಗಸ್ಟ್‌ನಲ್ಲಿ ಭಾಗಮಂಡಲ ಹಾಗೂ ಸಿದ್ದಾಪುರ ಬಳಿಯ ಕರಡಿಗೋಡು ಜಲಾವೃತವಾದಾಗ ಜನರನ್ನು ಕರೆತಂದದ್ದು ದೋಣಿಗಳಲ್ಲೇ.