ಪರ್ವದಿನವೂ ವರ್ತಕರ ಲೆಕ್ಕವೂ

ಹಬ್ಬವು ಸಮೀಪಿಸಿದಂತೆ ಪೇಟೆಗೆ ಕಳೆಯೇರುವುದು ಸರ್ವದೇಶಸಾಧಾರಣವಾದ ಸಂಗತಿಯಾಗಿದೆ. ವರ್ಷವೆಲ್ಲ ಬಿಗಿಹಿಡಿದ ಹಣದ ಚೀಲವನ್ನು ಗೃಹಸ್ಥನು ಆ ದಿನಗಳಲ್ಲಿ ಸಡಿಲಿಸುವನು. ಅದನ್ನರಿತ ವರ್ತಕನು ಮೊದಲೇ ಮಳಿಗೆಯಲ್ಲಿ ಸರಕನ್ನು ತುಂಬಿಸಿಡುವನು. ಹಬ್ಬದಿಂದ ವ್ಯಾಪಾರವು ಬೆಳೆಯುವುದಾದರೆ, ವ್ಯಾಪಾರದ ಅನುಕೂಲಕ್ಕಾಗಿ ಹಬ್ಬವನ್ನೇ ಸರಿಸಬಹುದೆ? ಈ ಪ್ರಶ್ನೆಯನ್ನು 1939ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳು ಕಾರ್ಯತಃ ಪರೀಕ್ಷಿಸಿ ನೋಡಿದುವು.

1621ರಲ್ಲಿ ಪ್ಲಿಮತ್ತಿನ ವಲಸೆಗಾರರು ಸುಗ್ಗಿಯ ತರುವಾಯ ಅಲ್ಲಿಯ ಮೂಲನಿವಾಸಿಗಳೊಡನೆ ಉಂಡ ಔತಣವನ್ನು ಆ ದೇಶದವರು ‘ಥ್ಯಾಂಕ್ಸ್‌ಗಿವಿಂಗ್’ ಎಂಬ ಕೃತಜ್ಞತಾಪರ್ವದ ಮೂಲವೆಂದು ಸ್ಮರಿಸುವರು. ಬಹುಕಾಲದವರೆಗೆ ಒಂದೊಂದು ಸಂಸ್ಥಾನವೂ ತನಗೆ ಒಪ್ಪಿದ ದಿನದಲ್ಲಿ ಅದನ್ನು ಆಚರಿಸುತ್ತಿತ್ತು. ದೇಶಕ್ಕೆಲ್ಲ ಒಂದೇ ದಿನವಿರಬೇಕೆಂದು ಪತ್ರಿಕಾಸಂಪಾದಕಿಯಾದ ಸಾರಾ ಜೋಸೆಫಾ ಹೇಲ್ ಎಂಬವರು ವರ್ಷಗಟ್ಟಲೆ ವಾದಿಸಿದರು. ಕಡೆಗೆ 1863ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ನರು ನವೆಂಬರ್ ತಿಂಗಳ ಕೊನೆಯ ಗುರುವಾರವನ್ನು ಘೋಷಿಸಿದರು. ಕ್ರಮೇಣ ಅದೇ ರೂಢಿಯಾಗಿ ನೆಲೆಗೊಂಡಿತು. ಆದರೆ ದಿನವನ್ನು ಗೊತ್ತುಪಡಿಸುವ ಶಾಸನವಿರಲಿಲ್ಲ. ನಮ್ಮ ದೀಪಾವಳಿಯು ತಿಥಿಗೆ ಕಟ್ಟುಬಿದ್ದಿರುವುದರಿಂದ ಅದನ್ನು ಸರಿಸುವ ಅಧಿಕಾರವು ಯಾವ ದೊರೆಗೂ ಇಲ್ಲ. ಆ ಗುರುವಾರಕ್ಕಾದರೋ ಅಧ್ಯಕ್ಷರ ವಾರ್ಷಿಕ ಘೋಷಣೆಯೇ ಆಧಾರವಾಗಿದ್ದಿತು.

ಈ ಪರ್ವವು ಮುಗಿದ ಮೇಲೆಯೇ ಕ್ರಿಸ್ಮಸ್ ಹಬ್ಬದ ವ್ಯಾಪಾರವನ್ನು ಆರಂಭಿಸುವುದು ಆಗಿನ ವರ್ತಕರ ಸಂಪ್ರದಾಯ. 1939ರ ನವೆಂಬರಿನಲ್ಲಿ ಐದು ಗುರುವಾರಗಳಿದ್ದು, ಕೊನೆಯದು 30ನೆಯ ತಾರೀಖಿಗೆ ಬಿದ್ದಿತು. ಭಾನುವಾರಗಳನ್ನು ಕಳೆದರೆ ಕ್ರಿಸ್ಮಸ್ಸಿಗೆ ಮುಂಚೆ ಉಳಿಯುವ ವ್ಯಾಪಾರದ ದಿನಗಳು 20 ಮಾತ್ರ. ಹಬ್ಬವು ಒಂದು ವಾರ ಹಿಂದಕ್ಕೆ ಬಂದರೆ 26 ಆಗುವುವು. 1929ರಲ್ಲಿ ಮೊದಲಾದ ಆರ್ಥಿಕ ಮುಗ್ಗಟ್ಟಿನಿಂದ ನೊಂದಿದ್ದ ವರ್ತಕರಿಗೆ ಈ ಆರು ದಿನಗಳು ಅಲ್ಪವೆನಿಸಲಿಲ್ಲ. 1933ರಲ್ಲಿಯೂ ಇಂತಹುದೇ ಕೋರಿಕೆ ಬಂದು ನಿರಾಕೃತವಾಗಿತ್ತು. ಈ ಸಲ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಒಪ್ಪಿ, ಪರ್ವವು 23ರಂದು ಎಂದು ಆಗಸ್ಟಿನಲ್ಲಿ ಪ್ರಕಟಿಸಿದರು.

ಕೂಡಲೇ ಆಕ್ಷೇಪಣೆಗಳ ಸುರಿಮಳೆಯಾಯಿತು. ಕ್ಯಾಲೆಂಡರುಗಳು ಆಗಲೇ ಅಚ್ಚಾಗಿದ್ದುವು. ಹಬ್ಬದ ದಿನದ ಕಾಲ್ಚೆಂಡಿನ ಪಂದ್ಯಗಳನ್ನು ಕಾಲೇಜುಗಳು ನಿಶ್ಚಯಿಸಿಬಿಟ್ಟಿದ್ದುವು. ವಿನೋದಪ್ರಿಯರು ಅಧ್ಯಕ್ಷರ ಹೆಸರನ್ನೇ ಬೆಸೆದು ಹೊಸ ಹಬ್ಬವನ್ನು ‘ಫ್ರಾಂಕ್ಸ್‌ಗಿವಿಂಗ್’ ಎಂದು ಕರೆದರು. ಆಗ ಇದ್ದ 48 ಸಂಸ್ಥಾನಗಳಲ್ಲಿ 23 ಹೊಸ ದಿನವನ್ನೂ 22 ಹಳೆಯ ದಿನವನ್ನೂ ಹಿಡಿದುವು. ಕೊಲರಾಡೊ, ಮಿಸಿಸಿಪ್ಪಿ, ಟೆಕ್ಸಸ್ ಎಂಬ ಮೂರು ಎರಡನ್ನೂ ಮನ್ನಿಸಿದುವು. ತಂದೆಯು ಒಂದು ಸಂಸ್ಥಾನದಲ್ಲಿಯೂ ಮಗನು ಮತ್ತೊಂದರಲ್ಲಿಯೂ ಇದ್ದರೆ, ಒಬ್ಬನಿಗೆ ರಜವಿದ್ದ ದಿನ ಇನ್ನೊಬ್ಬನಿಗೆ ಕೆಲಸ. ಒಂದು ಪಙ್ಕ್ತಿಯಲ್ಲಿ ಕೂಡಿ ಉಣ್ಣುವುದೇ ಪ್ರಧಾನವಾದ ಪರ್ವಕ್ಕೆ ಇದಕ್ಕಿಂತ ಹೆಚ್ಚಿನ ವಿಘ್ನವಾವುದು?

1940ರಲ್ಲಿಯೂ 1941ರಲ್ಲಿಯೂ ಈ ಪ್ರಯೋಗವು ಮುಂದುವರಿಯಿತು. ಆದರೆ ಒಟ್ಟು ವ್ಯಾಪಾರದಲ್ಲಿ ಗಣನೀಯವಾದ ವೃದ್ಧಿಯು ಕಾಣಲಿಲ್ಲ. 1941ರ ಮೇ ತಿಂಗಳಲ್ಲಿ ರೂಸ್‌ವೆಲ್ಟರು ಪ್ರಯೋಗವು ಫಲಿಸಲಿಲ್ಲವೆಂದು ಒಪ್ಪಿಕೊಂಡರು. ಅದೇ ವರ್ಷದ ಡಿಸೆಂಬರ್ 26ರಂದು ಅವರು ಅಂಕಿತ ಹಾಕಿದ ನಿರ್ಣಯದಿಂದ ನವೆಂಬರಿನ ನಾಲ್ಕನೆಯ ಗುರುವಾರವು ಶಾಸನಬದ್ಧವಾಯಿತು. ಹಳೆಯ ರೂಢಿಗೆ ಹತ್ತಿರವಾಗಿಯೂ, 28ನೆಯ ತಾರೀಖನ್ನು ಮೀರದಂತೆಯೂ ಇರುವ ಈ ಏರ್ಪಾಡು 1942ರಿಂದ ಇಂದಿನವರೆಗೂ ನಡೆದುಬಂದಿದೆ.

ವರ್ತಕರ ಲೆಕ್ಕವು ಎಲ್ಲಿ ತಪ್ಪಿತು? ದಿನಗಳು ಹೆಚ್ಚಾದರೆ ಮಾರಾಟವೂ ಹೆಚ್ಚುವುದೆಂದು ಅವರು ಎಣಿಸಿದರು. ಆದರೆ ಗೃಹಿಣಿಯು ಮಕ್ಕಳ ಉಡುಗೊರೆಗೆಂದು ತೆಗೆದಿಟ್ಟ ಹಣವು ಯಜಮಾನನ ಸಂಬಳಕ್ಕೆ ಅನುಸಾರವಾದುದೇ ಹೊರತು ಕ್ಯಾಲೆಂಡರಿಗೆ ಅನುಸಾರವಾದುದಲ್ಲ. ಒಂದು ವಾರ ಮುಂಚೆ ಕೊಂಡವನು ಒಂದು ವಾರ ಮುಂಚೆಯೇ ಕೈ ಖಾಲಿಮಾಡಿಕೊಂಡನು, ಅಷ್ಟೇ. ಈಗಿನ ವರ್ತಕರು ಹಬ್ಬವನ್ನು ಸರಿಸುವ ಗೋಜಿಗೆ ಹೋಗದೆ ಸಂಪ್ರದಾಯವನ್ನೇ ಬಿಟ್ಟಿರುವರು: ಕ್ರಿಸ್ಮಸ್ಸಿನ ಸರಕು ಅಕ್ಟೋಬರಿನಲ್ಲಿಯೇ ಅಂಗಡಿಯಲ್ಲಿ ಕಾಣಿಸಿಕೊಳ್ಳುವುದು, ಪರ್ವದ ಮರುದಿನವಾದ ಶುಕ್ರವಾರವು ರಿಯಾಯಿತಿ ಮಾರಾಟಕ್ಕೆ ಪ್ರಸಿದ್ಧವಾಗಿದೆ. ಪೇಟೆಯು ಗುರುವಾರದ ಹಿಂದುಮುಂದಿನ ದಿನಗಳನ್ನೆಲ್ಲ ಆಕ್ರಮಿಸಿತು. ಆ ಗುರುವಾರವನ್ನು ಮಾತ್ರ ಜನರು ತಮ್ಮ ಮನೆಯ ಊಟಕ್ಕಾಗಿ ಕದಲಿಸಗೊಡಲಿಲ್ಲ.